ನಿಮ್ಮ ರೆಸ್ಯೂಮೆ ನನ್ನ ಮೇಜಿಗೆ ಬಂದಾಗ

ಹೋದ ತಿಂಗಳು ಅಕ್ಕನ ಮಗ ಫೋನ್ ಮಾಡಿದ. "ಚಿಕ್ಕಮ್ಮ, ನಲವತ್ತು ಕಡೆ ಹಾಕಿದ್ದೀನಿ. ಒಬ್ಬರೂ ಕರೆದಿಲ್ಲ. ನನ್ನ ರೆಸ್ಯೂಮೆ ಒಂದ್ಸಲ ನೋಡ್ತೀಯಾ?" ಅಂದ. ಕಳಿಸು ಅಂದೆ. ಎರಡು ಪುಟ ಬಂತು. ಮೇಲೆ ದಪ್ಪ ಅಕ್ಷರದಲ್ಲಿ ಹೆಸರು. ಅದರ ಕೆಳಗೆ 'ಶ್ರಮಜೀವಿ, ಬೇಗ ಕಲಿಯುವವನು, ಎಲ್ಲರೊಂದಿಗೆ ಹೊಂದಿಕೊಳ್ಳುವವನು' ಅಂತ ಬರೆದಿತ್ತು. ಮೊದಲು ನಗು ಬಂತು, ಆಮೇಲೆ ಪಾಪ ಅನಿಸಿತು. ಹುಡುಗ ನಿಜಕ್ಕೂ ಶ್ರಮಜೀವಿಯೇ. ಆದರೆ ಅದೇ ವಾರ ನನ್ನ ಮುಂದೆ ಒಂದೇ ಹುದ್ದೆಗೆ ಬಂದ 180 ಅರ್ಜಿಗಳಿದ್ದವು. ಅವರಲ್ಲೂ ಮುಕ್ಕಾಲು ಪಾಲು ಶ್ರಮಜೀವಿಗಳೇ.

ನಾನು ಎಚ್‌ಆರ್ ಅಲ್ಲ. ಗೋದಾಮು ಮತ್ತು ಡಿಸ್‌ಪ್ಯಾಚ್ ನೋಡಿಕೊಳ್ಳುವವಳು. 17 ವರ್ಷದಿಂದ ನನ್ನ ತಂಡಕ್ಕೆ ಬೇಕಾದವರನ್ನು ನಾನೇ ಆರಿಸುತ್ತಿದ್ದೇನೆ. ಸ್ಟಾಕ್ ಲೆಕ್ಕ ಇಡುವವರು, ಶಿಫ್ಟ್ ಸೂಪರ್‌ವೈಸರ್‌ಗಳು, ಯಾವ ಲಾರಿ ಯಾವಾಗ ಹೊರಡಬೇಕು ಅಂತ ಲೆಕ್ಕ ಹಾಕುವವರು. ಎಚ್‌ಆರ್‌ನವರು ಒಂದು ಸುತ್ತು ಜರಡಿ ಹಿಡಿಯುತ್ತಾರೆ. ಉಳಿದದ್ದು ನನ್ನ ಹತ್ತಿರ ಬರುತ್ತದೆ. ಅಕ್ಕನ ಮಗನಿಗೆ ಅವತ್ತು ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತಿದ್ದೇನೆ.

ಮೊದಲು ಒಂದು ಗುಟ್ಟು. ಮೇಜಿನ ಆ ಕಡೆ ಕೂತವರಿಗೂ ಭಯ ಇರುತ್ತದೆ. ತಂಡದಲ್ಲಿ ಒಬ್ಬರು ಬಿಟ್ಟು ಹೋದರೆ ಅವರ ಕೆಲಸ ಉಳಿದವರ ತಲೆ ಮೇಲೆ ಬೀಳುತ್ತದೆ. ಅವರು ಮುಖ ಊದಿಸಿಕೊಂಡೇ ಎರಡು ತಿಂಗಳು ಎಳೆಯುತ್ತಾರೆ. ಅಷ್ಟರಲ್ಲಿ ನಾನು ತಪ್ಪು ಮನುಷ್ಯನನ್ನು ತಂದು ಕೂರಿಸಿದರೆ? ಕಲಿಸುವುದಕ್ಕೆ ಮೂರು ತಿಂಗಳು, ಆಗುವುದಿಲ್ಲ ಅಂತ ಗೊತ್ತಾಗುವುದಕ್ಕೆ ಇನ್ನು ಮೂರು ತಿಂಗಳು. ಆಮೇಲೆ ಮತ್ತೆ ಮೊದಲಿಂದ. ಹಾಗಾಗಿ ನಿಮ್ಮ ರೆಸ್ಯೂಮೆ ತೆರೆದಾಗ ನನ್ನ ತಲೆಯಲ್ಲಿ ಓಡುವುದೆಲ್ಲ ಅನುಮಾನಗಳೇ. ಈ ಕೆಲಸ ಇವರಿಗೆ ಬರುತ್ತದಾ? ಹೇಳಿದ್ದು ನಿಜವಾ? ಬೇಸರದ ಕೆಲಸವನ್ನೂ ದಿನಾ ಮಾಡುತ್ತಾರಾ? ಆರು ತಿಂಗಳಿಗೇ ಹೊರಟುಬಿಡುತ್ತಾರಾ? ಈಗಿರುವ ಜನರ ಜೊತೆ ಹೊಂದುತ್ತಾರಾ? ರೆಸ್ಯೂಮೆಯ ಪ್ರತಿ ಸಾಲೂ ಇದರಲ್ಲಿ ಒಂದು ಅನುಮಾನವನ್ನು ತೀರಿಸಬೇಕು. ಯಾವುದನ್ನೂ ತೀರಿಸದ ಸಾಲಿದ್ದರೆ ಅದನ್ನು ಅಳಿಸಿ. 'ಶ್ರಮಜೀವಿ' ಯಾವ ಅನುಮಾನವನ್ನೂ ತೀರಿಸುವುದಿಲ್ಲ. ಸೋಮಾರಿಯೂ ಅದನ್ನೇ ಬರೆಯುತ್ತಾನೆ, ಅಲ್ವಾ?

ಮೊದಲ ಸುತ್ತಿನಲ್ಲಿ ಯಾರೂ ಓದುವುದಿಲ್ಲ

ಲ್ಯಾಡರ್ಸ್ ಅನ್ನುವ ಉದ್ಯೋಗ ತಾಣ 2012ರಲ್ಲಿ ಒಂದು ಪರೀಕ್ಷೆ ಮಾಡಿತ್ತು. ರೆಸ್ಯೂಮೆ ನೋಡುವವರ ಕಣ್ಣು ಎಲ್ಲೆಲ್ಲಿ ಓಡುತ್ತದೆ ಅಂತ ಯಂತ್ರ ಇಟ್ಟು ಅಳೆದರು. ಮೊದಲ ನೋಟಕ್ಕೆ ಸಿಕ್ಕಿದ್ದು ಸರಾಸರಿ ಆರು ಸೆಕೆಂಡು. 2018ರಲ್ಲಿ ಮತ್ತೆ ಅಳೆದಾಗ 7.4 ಸೆಕೆಂಡು. ಕಣ್ಣು ನಿಂತ ಜಾಗಗಳೂ ಕೆಲವೇ. ಹೆಸರು, ಈಗಿನ ಹುದ್ದೆ ಮತ್ತು ಕಂಪನಿ, ಹಿಂದಿನದು, ತಾರೀಖುಗಳು, ಓದು. ಇಷ್ಟೇ.

ಇದನ್ನು ಓದಿದಾಗ ನನಗೆ ಸಿಟ್ಟು ಬಂದಿತ್ತು. ನಾನಂತೂ ಹಾಗಲ್ಲ ಅಂದುಕೊಂಡೆ. ಒಂದು ದಿನ ಮೊಬೈಲಿನಲ್ಲಿ ಟೈಮರ್ ಹಚ್ಚಿಟ್ಟು ಇಪ್ಪತ್ತು ಅರ್ಜಿ ನೋಡಿದೆ. ಒಂದೊಂದಕ್ಕೆ ಅರ್ಧ ನಿಮಿಷವೂ ಕೊಟ್ಟಿರಲಿಲ್ಲ. ಕೆಲವಕ್ಕೆ ಹತ್ತು ಸೆಕೆಂಡು. ಮೊದಲ ಸುತ್ತಿನಲ್ಲಿ ನಡೆಯುವುದು ಓದಲ್ಲ, ಕೇರುವ ಕೆಲಸ. ಮೊರದಲ್ಲಿ ಹಾಕಿ ಎತ್ತಿ ಕೊಡವಿದ ಹಾಗೆ. ಹೌದು, ಇಲ್ಲ, ನೋಡೋಣ ಅಂತ ಮೂರು ಗುಂಪು. 'ಹೌದು' ಗುಂಪಿನಲ್ಲಿ ಹತ್ತು ಹನ್ನೆರಡು ಜನ ಸಿಕ್ಕಿದರೆ 'ನೋಡೋಣ' ಗುಂಪನ್ನು ನಾನು ಮತ್ತೆ ತೆರೆಯುವುದೇ ಇಲ್ಲ. ಇದು ಅನ್ಯಾಯ ಅಂತ ನನಗೂ ಗೊತ್ತು. ಆದರೆ ನಡೆಯುವುದು ಹೀಗೆಯೇ.

ಹಾಗಾದರೆ ನೀವೇನು ಮಾಡಬೇಕು? ಮೊದಲ ಪುಟದ ಮೇಲಿನ ಮೂರನೇ ಒಂದು ಭಾಗವನ್ನು ದುಡ್ಡು ಕೊಟ್ಟು ಜಾಗ ಕೊಂಡವರ ಹಾಗೆ ಬಳಸಿ. ಹೆಸರು, ಫೋನ್, ಇಮೇಲ್ ಒಂದೇ ಸಾಲಿನಲ್ಲಿ ಮುಗಿಯಲಿ. ಅದರ ಕೆಳಗೆ ನೀವು ಏನು ಕೆಲಸ ಮಾಡುವವರು, ಎಷ್ಟು ವರ್ಷದಿಂದ, ಎಂಥ ಜಾಗದಲ್ಲಿ ಅನ್ನುವ ಒಂದು ಸಾಲು. 'ಸವಾಲಿನ ಪರಿಸರದಲ್ಲಿ ನನ್ನ ಪ್ರತಿಭೆಯನ್ನು ಬೆಳೆಸಿಕೊಳ್ಳುವ ಅವಕಾಶ' ಎಂಬ ಉದ್ದೇಶ ಬೇಡ. ನಿಮಗೆ ಏನು ಬೇಕು ಅನ್ನುವುದು ಇನ್ನೂ ನನ್ನ ಚಿಂತೆ ಆಗಿಲ್ಲ. ಅದು ಆಮೇಲೆ ಆಗುತ್ತದೆ.

ಇನ್ನೊಂದು ವಿಷಯ ಹುದ್ದೆಯ ಹೆಸರು. ನಿಮ್ಮ ಕಂಪನಿ ನಿಮಗೆ 'ಆಪರೇಷನ್ಸ್ ಅಸೋಸಿಯೇಟ್ ಗ್ರೇಡ್ 2' ಅಂತ ಹೆಸರಿಟ್ಟಿರಬಹುದು. ಹೊರಗಿನವರಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಅದನ್ನು ಬದಲಿಸಬೇಡಿ, ಸುಳ್ಳಾಗುತ್ತದೆ. ಪಕ್ಕದಲ್ಲೇ 'ಸ್ಟಾಕ್ ಲೆಕ್ಕದ ಕೆಲಸ' ಅಂತ ಬಿಡಿಸಿ ಬರೆಯಿರಿ. ಜಾಹೀರಾತಿನಲ್ಲಿ ಬಳಸಿದ ಪದವೇ ನಿಮ್ಮ ಕೆಲಸಕ್ಕೂ ಒಪ್ಪುವುದಾದರೆ ಆ ಪದವನ್ನೇ ಹಾಕಿ. ಹುಡುಕುವ ಕಣ್ಣು ಆ ಪದಕ್ಕೇ ಕಾಯುತ್ತಿರುತ್ತದೆ.

ಅರ್ಜಿ ನೋಡುವ ಸಾಫ್ಟ್‌ವೇರ್ ಬಗ್ಗೆ ಸಿಕ್ಕಾಪಟ್ಟೆ ಹೆದರಿಸುವವರಿದ್ದಾರೆ. ಎಟಿಎಸ್ (ಅಪ್ಲಿಕೆಂಟ್ ಟ್ರ್ಯಾಕಿಂಗ್ ಸಿಸ್ಟಮ್) ಅಂತ ಕರೆಯುವ ಆ ವ್ಯವಸ್ಥೆ ಹೆಚ್ಚಿನ ಕಡೆ ಮಾಡುವುದು ಗುಮಾಸ್ತನ ಕೆಲಸ. ಅರ್ಜಿ ಕೂಡಿಡುತ್ತದೆ, ರೆಸ್ಯೂಮೆಯಿಂದ ಹೆಸರು, ಹುದ್ದೆ, ತಾರೀಖು ಕಿತ್ತು ಕಾಲಂಗಳಲ್ಲಿ ತುಂಬುತ್ತದೆ, ಪದ ಹಾಕಿ ಹುಡುಕುವುದಕ್ಕೆ ಬಿಡುತ್ತದೆ. ಜನ ಥಟ್ಟನೆ ಹೊರಗೆ ಬೀಳುವುದು ಅರ್ಜಿ ತುಂಬುವಾಗ ಕೇಳುವ ಹೌದು-ಇಲ್ಲ ಪ್ರಶ್ನೆಗಳಲ್ಲಿ. ರಾತ್ರಿ ಶಿಫ್ಟ್‌ಗೆ ಒಪ್ಪುತ್ತೀರಾ? ಲೈಸೆನ್ಸ್ ಇದೆಯಾ? ಅಲ್ಲಿ 'ಇಲ್ಲ' ಒತ್ತಿದರೆ ರೆಸ್ಯೂಮೆ ಎಷ್ಟೇ ಚೆನ್ನಾಗಿರಲಿ, ನನ್ನವರೆಗೆ ಬರುವುದಿಲ್ಲ. ಆ ಪ್ರಶ್ನೆಗಳನ್ನು ನಿಧಾನವಾಗಿ ಓದಿ ಉತ್ತರಿಸಿ.

ಯಂತ್ರ ನಿಜವಾಗಿ ಎಡವುವುದು ಚಂದದ ವಿನ್ಯಾಸದಲ್ಲಿ. ಎರಡು ಕಾಲಂ, ಟೇಬಲ್ಲು, ಚಿತ್ರದೊಳಗೆ ಬರೆದ ಅಕ್ಷರ, ಪುಟದ ನೆತ್ತಿಯ ಹೆಡರ್‌ನೊಳಗೆ ಸಿಕ್ಕಿಸಿದ ಫೋನ್ ನಂಬರು. ಪರೀಕ್ಷೆ ಸುಲಭ. ರೆಸ್ಯೂಮೆಯ ಅಕ್ಷರವನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ. ಅಲ್ಲಿ ಸಾಲುಗಳು ಒಂದರೊಳಗೊಂದು ಸಿಕ್ಕಿಹಾಕಿಕೊಂಡಿದ್ದರೆ ಯಂತ್ರಕ್ಕೂ ಹಾಗೇ ಕಾಣುವ ಸಾಧ್ಯತೆ ಜಾಸ್ತಿ. ಬಿಳಿ ಹಾಳೆ ಮೇಲೆ ಬಿಳಿ ಅಕ್ಷರದಲ್ಲಿ ಜಾಹೀರಾತಿನ ಪದಗಳನ್ನು ಬಚ್ಚಿಡುವ ಬುದ್ಧಿವಂತರೂ ಇದ್ದಾರೆ. ಹಾಗೆ ಅಂಟಿಸಿದಾಗ ಅದೆಲ್ಲ ಕರ್ರಗೆ ಎದ್ದು ಬರುತ್ತದೆ. ನಾವು ಕಾಫಿ ಕುಡಿಯುತ್ತಾ ನಗುತ್ತೇವೆ.

ಯಂತ್ರವೇ ಆರಿಸಿದರೆ ನ್ಯಾಯ ಸಿಗುತ್ತದೆ ಅಂತಲೂ ನಂಬಬೇಡಿ. ಅಮೆಜಾನ್ 2014ರಿಂದ ಅಂಥದ್ದೊಂದನ್ನು ಕಟ್ಟಲು ನೋಡಿತ್ತು. ಹತ್ತು ವರ್ಷದ ಹಳೇ ರೆಸ್ಯೂಮೆಗಳನ್ನು ತೋರಿಸಿ ಅದಕ್ಕೆ ಪಾಠ ಹೇಳಿದರು. ಅವುಗಳಲ್ಲಿ ಹೆಚ್ಚಿನವು ಗಂಡಸರದ್ದು. ಹಾಗಾಗಿ ಮಹಿಳಾ ಚೆಸ್ ಕ್ಲಬ್ಬಿನ ನಾಯಕಿ ಅಂತಿದ್ದರೆ ಅಂಕ ಕಡಿಮೆ ಮಾಡುವುದನ್ನು ಅದು ಕಲಿಯಿತು. ಕೊನೆಗೆ ಕೈಬಿಟ್ಟರು. 2018ರಲ್ಲಿ ರಾಯಿಟರ್ಸ್ ವರದಿ ಮಾಡಿದ ಮೇಲೆ ಹೊರಗಿನವರಿಗೆ ತಿಳಿಯಿತು. ಯಂತ್ರ ಕಲಿತದ್ದು ನಮ್ಮಂಥವರಿಂದಲೇ ತಾನೇ.

ಒಂದು ಸಾಲನ್ನು ಗಟ್ಟಿ ಮಾಡುವುದು

ಇನ್ನು 'ಹೌದು' ಗುಂಪಿಗೆ ಬಂದ ರೆಸ್ಯೂಮೆ. ಇದನ್ನು ನಾನು ನಿಜಕ್ಕೂ ಓದುತ್ತೇನೆ, ಕೈಯಲ್ಲಿ ಪೆನ್ಸಿಲ್ ಹಿಡಿದು. ಅಕ್ಕನ ಮಗನ ರೆಸ್ಯೂಮೆಯಲ್ಲಿ ಹೀಗಿತ್ತು: 'ಸ್ಟಾಕ್ ನಿರ್ವಹಣೆಯ ಜವಾಬ್ದಾರಿ ಹೊತ್ತಿದ್ದೆ.' ಅವನು ಬಿಡಿಭಾಗಗಳ ಒಂದು ಗೋದಾಮಿನಲ್ಲಿ ಎರಡು ವರ್ಷ ದುಡಿದವನು. ನಾನು ಕೇಳುತ್ತಾ ಹೋದೆ.

"ಎಷ್ಟು ಐಟಂ?"
"ಆರು ಸಾವಿರ ಇರಬಹುದು."
"ನೀನೊಬ್ಬನೇನಾ?"
"ಇಲ್ಲ, ಇಬ್ಬರು. ರ‍್ಯಾಕ್ ಹಂಚಿಕೊಂಡಿದ್ವಿ."
"ಎಣಿಕೆ ಯಾವಾಗ?"
"ಮೊದಲು ವರ್ಷಕ್ಕೊಂದು ಸಲ ಇತ್ತು. ಆಮೇಲೆ ನಾನೇ ವಾರಕ್ಕೆ ಒಂದು ರ‍್ಯಾಕ್ ಎಣಿಸೋಣ ಅಂದೆ."
"ಏನಾಯ್ತು ಅದರಿಂದ?"
"ವರ್ಷದ ಕೊನೆಗೆ ಎರಡು ದಿನ ಗೋದಾಮು ಮುಚ್ಚೋದು ನಿಂತ್ಹೋಯ್ತು."

ನೋಡಿ, ಈ ಹುಡುಗ ಇದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು 'ಜವಾಬ್ದಾರಿ ಹೊತ್ತಿದ್ದೆ' ಅಂತ ಬರೆದಿದ್ದ. ಆಮೇಲೆ ಸಾಲು ಹೀಗಾಯಿತು: 'ಸುಮಾರು 6,000 ಐಟಂಗಳ ಸ್ಟಾಕ್ ಲೆಕ್ಕ, ಇಬ್ಬರ ತಂಡ. ವಾರಕ್ಕೊಂದು ರ‍್ಯಾಕ್ ಎಣಿಸುವ ಪದ್ಧತಿ ಸೂಚಿಸಿ ನಡೆಸಿದೆ; ವರ್ಷದ ಎಣಿಕೆಗೆ ಗೋದಾಮು ಎರಡು ದಿನ ಮುಚ್ಚುವುದು ತಪ್ಪಿತು.' ಇದನ್ನು ಓದಿದರೆ ನನ್ನ ಮೂರು ಅನುಮಾನ ಒಟ್ಟಿಗೆ ತೀರುತ್ತವೆ. ಕೆಲಸ ಬರುತ್ತದೆ, ಬೇಸರದ ಕೆಲಸವನ್ನೂ ಬಿಡದೆ ಮಾಡುತ್ತಾನೆ, ಇನ್ನೊಬ್ಬರ ಜೊತೆ ಹಂಚಿಕೊಂಡು ಮಾಡುತ್ತಾನೆ.

ನಿಮ್ಮ ಪ್ರತಿ ಸಾಲಿಗೂ ಇದೇ ಪ್ರಶ್ನೆಗಳನ್ನು ಕೇಳಿಕೊಳ್ಳಿ. ಎಷ್ಟು? ಎಷ್ಟು ದಿನಕ್ಕೊಮ್ಮೆ? ಯಾರ ಜೊತೆ? ನಾನು ಬರುವ ಮೊದಲು ಹೇಗಿತ್ತು, ಆಮೇಲೆ ಏನು ಬದಲಾಯಿತು? ನಾನು ಒಂದು ವಾರ ರಜೆ ಹಾಕಿದರೆ ಯಾವ ಕೆಲಸ ನಿಲ್ಲುತ್ತಿತ್ತು? ಕೊನೆಯ ಪ್ರಶ್ನೆ ನನಗೆ ಬಹಳ ಇಷ್ಟ. ತಮ್ಮ ಕೆಲಸದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಅನ್ನುವವರಿಗೂ ಅದಕ್ಕೆ ಉತ್ತರ ಸಿಗುತ್ತದೆ. ಫ್ರೆಶರ್ ಆದರೆ ಕಾಲೇಜಿನ ಪ್ರಾಜೆಕ್ಟು, ಅಂಗಡಿಯಲ್ಲಿ ಕೂತದ್ದು, ಮನೆಪಾಠ ಹೇಳಿದ್ದು ಎಲ್ಲಕ್ಕೂ ಇದೇ ಪ್ರಶ್ನೆಗಳು ಹೊಂದುತ್ತವೆ.

ಆದರೆ ಸಂಖ್ಯೆ ಹಾಕುವ ಹುಚ್ಚಿಗೆ ಬೀಳಬೇಡಿ. 'ದಕ್ಷತೆ 300% ಹೆಚ್ಚಿಸಿದೆ' ಅಂತ ನೋಡಿದ ಕೂಡಲೇ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೇನೆ. ಇಂಟರ್‌ವ್ಯೂನಲ್ಲಿ ಮೊದಲು ಕೇಳುವುದೇ ಅದನ್ನು: "ಹೇಗೆ ಅಳೆದಿರಿ?" ಉತ್ತರನ ಪೌರುಷ ಒಲೆಯ ಮುಂದೆ ಅಂತಾರಲ್ಲ, ಅಲ್ಲಿಗೆ ಮುಗಿಯಿತು. ಒಂದು ಸಂಖ್ಯೆ ಬುರುಡೆ ಅಂತ ಗೊತ್ತಾದರೆ ಉಳಿದ ನಿಜವಾದ ಸಂಖ್ಯೆಗಳ ಮೇಲೂ ನಂಬಿಕೆ ಹೋಗುತ್ತದೆ. 'ಸುಮಾರು' ಅಂತ ಸೇರಿಸುವುದಕ್ಕೆ ನಾಚಿಕೆ ಬೇಡ. ಅಳೆದು ನೋಡಿದವರು ಮಾತ್ರ 'ಸುಮಾರು' ಅನ್ನುತ್ತಾರೆ.

ಒಂದೇ ರೆಸ್ಯೂಮೆಯನ್ನು ಎಲ್ಲರಿಗೂ ಕಳಿಸುವವರಿಗೆ ನಾನು ಒಂದು ಹಳೇ ಕಥೆ ಹೇಳುತ್ತೇನೆ. 1482ರ ಸುಮಾರಿಗೆ ಲಿಯೊನಾರ್ಡೊ ಡ ವಿಂಚಿ ಮಿಲಾನ್ ನಗರವನ್ನು ಆಳುತ್ತಿದ್ದ ಲುಡೊವಿಕೊ ಸ್ಫೋರ್ಜಾಗೆ ಕೆಲಸ ಕೇಳಿ ಒಂದು ಪತ್ರ ಸಿದ್ಧ ಮಾಡಿದ. ಆಗ ಅವನಿಗೆ ಮೂವತ್ತು ವರ್ಷ. ಪತ್ರದಲ್ಲಿ ಹತ್ತು ಅಂಶಗಳು. ಹಗುರವಾದ, ಹೊತ್ತೊಯ್ಯಬಹುದಾದ ಸೇತುವೆ ಕಟ್ಟಬಲ್ಲೆ, ಮುತ್ತಿಗೆ ಹಾಕಿದಾಗ ಕಂದಕದ ನೀರು ಬಸಿಯಬಲ್ಲೆ, ಫಿರಂಗಿ ಮಾಡಬಲ್ಲೆ, ಸದ್ದಿಲ್ಲದೆ ಸುರಂಗ ತೋಡಬಲ್ಲೆ, ಮುಚ್ಚಿದ ರಥ ಮಾಡಬಲ್ಲೆ. ಹತ್ತನೆಯದಕ್ಕೆ ಬಂದಾಗ, ಶಾಂತಿಯ ಕಾಲದಲ್ಲಿ ಕಟ್ಟಡವನ್ನೂ ಕಟ್ಟುತ್ತೇನೆ ಅನ್ನುತ್ತಾನೆ. ಶಿಲ್ಪ, ಚಿತ್ರ ಬರುತ್ತದೆ ಅನ್ನುವುದು ಅದಕ್ಕೂ ಕೊನೆಗೆ. ಲಿಯೊನಾರ್ಡೊ! ತನ್ನ ಚಿತ್ರಕಲೆಯನ್ನು ಬಾಲಕ್ಕೆ ಕಟ್ಟಿದ. ಓದುವವನ ತಲೆಯಲ್ಲಿ ಯುದ್ಧ ಇದೆ ಅಂತ ಅವನಿಗೆ ಗೊತ್ತಿತ್ತು. ನನಗೆ ಇನ್ನೂ ಹಿಡಿಸಿದ್ದು ಆ ಪತ್ರದ ಕೊನೆಯ ಮಾತು. ಇದರಲ್ಲಿ ಯಾವುದಾದರೂ ಆಗದ ಮಾತು ಅನಿಸಿದರೆ ನಿಮ್ಮ ಉದ್ಯಾನದಲ್ಲೇ, ನೀವು ಹೇಳಿದ ಜಾಗದಲ್ಲೇ ಮಾಡಿ ತೋರಿಸುತ್ತೇನೆ ಅನ್ನುತ್ತಾನೆ. ಅನುಮಾನಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಯಾವ ರೆಸ್ಯೂಮೆಯಲ್ಲೂ ಕಂಡಿಲ್ಲ.

ಪ್ರತಿ ಅರ್ಜಿಗೂ ಇಡೀ ರೆಸ್ಯೂಮೆ ತಿದ್ದಬೇಕಾಗಿಲ್ಲ. ಜಾಹೀರಾತನ್ನು ಎರಡು ಸಲ ಓದಿ. ಅವರು ಮೊದಲು ಹೇಳಿದ್ದು, ಮತ್ತೆ ಮತ್ತೆ ಹೇಳಿದ್ದು ಯಾವುದೋ ಅದೇ ಅವರ ನೋವು. ಅದಕ್ಕೆ ಸೇರಿದ ನಿಮ್ಮ ಸಾಲನ್ನು ಮೇಲಕ್ಕೆ ತನ್ನಿ. ಹತ್ತು ನಿಮಿಷದ ಕೆಲಸ.

ಗ್ಯಾಪ್, ಹೆಸರು ಮತ್ತು ನನ್ನ ತಪ್ಪು

ಹತ್ತು ವರ್ಷದ ಹಿಂದಿನ ಮಾತು. ಒಬ್ಬ ಹೆಣ್ಣುಮಗಳ ರೆಸ್ಯೂಮೆ ಬಂತು. ಐದು ವರ್ಷ ಒಳ್ಳೆಯ ಕೆಲಸ, ಆಮೇಲೆ ಎರಡೂವರೆ ವರ್ಷ ಖಾಲಿ. ಏನೂ ವಿವರ ಇರಲಿಲ್ಲ. ನಾನು 'ಇಲ್ಲ' ಗುಂಪಿಗೆ ಹಾಕಿದೆ. ಮೂರು ತಿಂಗಳ ನಂತರ ನಮ್ಮ ಖರೀದಿ ವಿಭಾಗದವರು ಅವಳನ್ನು ತೆಗೆದುಕೊಂಡರು. ಅವಳ ಕೆಲಸ ನೋಡಿ ನಾನು ಹೊಟ್ಟೆ ಉರಿದುಕೊಂಡೆ. ಆ ಎರಡೂವರೆ ವರ್ಷ ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಂಡಿದ್ದಳಂತೆ. ಕೇಳಿದ್ದರೆ ಒಂದು ನಿಮಿಷದಲ್ಲಿ ಹೇಳುತ್ತಿದ್ದಳು. ನಾನು ಕೇಳಲಿಲ್ಲ. ಖಾಲಿ ಜಾಗವನ್ನು ನನ್ನ ಕಲ್ಪನೆಯಿಂದ ತುಂಬಿಕೊಂಡೆ.

ಇದು ನನ್ನೊಬ್ಬಳ ರೋಗವಲ್ಲ. 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಕಾಲ್ಪನಿಕ ರೆಸ್ಯೂಮೆಗಳನ್ನು ನಿಜವಾದ ಜಾಹೀರಾತುಗಳಿಗೆ ಕಳಿಸಿ ನೋಡಿದರು. ಕೆಲಸವಿಲ್ಲದ ಅವಧಿ ಬೆಳೆದಂತೆ ಕರೆ ಬರುವುದು ಕಡಿಮೆಯಾಯಿತು. ಆ ಇಳಿತದಲ್ಲಿ ಹೆಚ್ಚಿನದು ಮೊದಲ ಎಂಟು ತಿಂಗಳಲ್ಲೇ.

ಆದ್ದರಿಂದ ಖಾಲಿ ಜಾಗವನ್ನು ನೀವೇ ತುಂಬಿ. 'ಮನೆಯವರ ಆರೈಕೆ, ಈಗ ಪೂರ್ಣಾವಧಿ ಕೆಲಸಕ್ಕೆ ಸಿದ್ಧ.' ಜೊತೆಗೆ ಶುರುವಾದ, ಮುಗಿದ ತಿಂಗಳು, ವರ್ಷ. ಸಾಕು. ಕಾಯಿಲೆಯ ಹೆಸರು ಬೇಡ, ಕ್ಷಮೆ ಕೇಳುವುದು ಬೇಡ. ಅರ್ಧ ಪುಟ ವಿವರಣೆ ಕೊಟ್ಟರೆ ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆ. ಆ ಅವಧಿಯಲ್ಲಿ ಒಂದು ಕೋರ್ಸು, ಒಂದು ಸಣ್ಣ ಕೆಲಸ ಮಾಡಿದ್ದರೆ ಸೇರಿಸಿ. ಮಾಡಿಲ್ಲವಾದರೆ ಸುಮ್ನೆ ಹುಟ್ಟಿಸಬೇಡಿ. ಪದೇ ಪದೇ ಕೆಲಸ ಬದಲಿಸಿದವರಿಗೂ ಇದೇ ಮಾತು. ಗುತ್ತಿಗೆ ಮುಗಿದದ್ದಾದರೆ 'ಗುತ್ತಿಗೆ' ಅಂತ ಬರೆಯಿರಿ. ಕಂಪನಿ ಮುಚ್ಚಿದ್ದಾದರೆ ಹಾಗೇ ಬರೆಯಿರಿ. ನನಗೆ ಕಾರಣ ಗೊತ್ತಾದರೆ ಭಯ ಅರ್ಧಕ್ಕೆ ಇಳಿಯುತ್ತದೆ.

ಇನ್ನು ನಿಮ್ಮ ಕೈಯಲ್ಲಿ ಇಲ್ಲದ್ದು. ಬರ್ಟ್ರಾಂಡ್ ಮತ್ತು ಮುಲ್ಲೈನಾಥನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಬಾಸ್ಟನ್, ಶಿಕಾಗೊ ನಗರಗಳ ಜಾಹೀರಾತುಗಳಿಗೆ ಸುಮಾರು 5,000 ರೆಸ್ಯೂಮೆ ಕಳಿಸಿದರು. ಅವುಗಳ ಮೇಲೆ ಹೆಸರನ್ನು ಮಾತ್ರ ಚೀಟಿ ಎತ್ತಿದ ಹಾಗೆ ಹಂಚಿದ್ದರು. ಬಿಳಿಯರ ಹೆಸರಿದ್ದಾಗ ಹತ್ತು ರೆಸ್ಯೂಮೆಗೆ ಒಂದು ಕರೆ, ಕಪ್ಪು ಜನರ ಹೆಸರಿದ್ದಾಗ ಹದಿನೈದಕ್ಕೆ ಒಂದು. 2004ರಲ್ಲಿ ಇದು ಅಚ್ಚಾಯಿತು. ಅದನ್ನು ಓದಿದ ಮೇಲೆ ನಾನು ಎಚ್‌ಆರ್‌ನವರಿಗೆ ಹೇಳಿ ಮೊದಲ ಸುತ್ತಿಗೆ ಹೆಸರು, ಫೋಟೋ ಮುಚ್ಚಿದ ಪ್ರತಿ ತರಿಸಿಕೊಳ್ಳುತ್ತೇನೆ. ಎಲ್ಲರೂ ಹಾಗೆ ಮಾಡುವುದಿಲ್ಲ. ನೀವು ಮಾಡಬಹುದಾದದ್ದು ಇಷ್ಟೇ. ಕೇಳದಿದ್ದರೆ ಫೋಟೋ, ವಯಸ್ಸು, ಮದುವೆ, ಧರ್ಮ ಯಾವುದನ್ನೂ ಹಾಕಬೇಡಿ. ಕರೆ ಬರಲಿಲ್ಲ ಅಂದ ಮಾತ್ರಕ್ಕೆ ತಪ್ಪು ನಿಮ್ಮಲ್ಲೇ ಇದೆ ಅಂತ ಕೊರಗಬೇಡಿ.

ಸುಳ್ಳು

ಬೇಡ. 2007ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರವೇಶ ವಿಭಾಗದ ಡೀನ್ ರಾಜೀನಾಮೆ ಕೊಡಬೇಕಾಯಿತು. ಇಪ್ಪತ್ತೆಂಟು ವರ್ಷದ ಹಿಂದೆ ಅಲ್ಲಿ ಕೆಲಸಕ್ಕೆ ಅರ್ಜಿ ಹಾಕುವಾಗ ಇಲ್ಲದ ಪದವಿಗಳನ್ನು ಬರೆದುಕೊಂಡಿದ್ದರು. ಅಷ್ಟು ವರ್ಷ ಚೆನ್ನಾಗಿಯೇ ಕೆಲಸ ಮಾಡಿದ್ದರು. ಮೊದಲು ಸೇರಿದ ಕೆಲಸಕ್ಕೆ ಪದವಿ ಬೇಕಾಗಿಯೂ ಇರಲಿಲ್ಲವಂತೆ.

ದೊಡ್ಡ ಸುಳ್ಳಿಗಿಂತ ನನಗೆ ದಿನಾ ಸಿಗುವುದು ಪುಡಿ ಸುಳ್ಳುಗಳು. ತಿಂಗಳು ಮುಚ್ಚಿಟ್ಟು ವರ್ಷ ಮಾತ್ರ ಬರೆಯುವುದು. ತಂಡದಲ್ಲಿ ಒಬ್ಬರಾಗಿದ್ದು 'ತಂಡದ ಮುಖ್ಯಸ್ಥ' ಅನ್ನುವುದು. ನಾನು ಇದನ್ನು ಹಿಡಿಯುವುದು ಎರಡನೇ ಪ್ರಶ್ನೆಯಲ್ಲಿ. "ಹೊಸ ಸಾಫ್ಟ್‌ವೇರ್ ತಂದೆ" ಅಂದವರನ್ನು "ಮೊದಲ ದಿನ ಏನು ಕೆಟ್ಟುಹೋಯಿತು?" ಅಂತ ಕೇಳುತ್ತೇನೆ. ನಿಜವಾಗಿ ತಂದವರಿಗೆ ಮುಖದ ಮೇಲೆ ನಗು ಬರುತ್ತದೆ. "ಅಯ್ಯೋ, ಅದೊಂದು ಕೇಳಬೇಡಿ" ಅಂತ ಶುರು ಮಾಡುತ್ತಾರೆ. ಪಕ್ಕದಲ್ಲಿ ನಿಂತು ನೋಡಿದವರು "ಎಲ್ಲ ಸುಗಮವಾಗಿ ಆಯಿತು" ಅನ್ನುತ್ತಾರೆ.

ಇಂಟರ್‌ವ್ಯೂ: ನಾನು ಮೋಸಹೋದ ಬಗೆ

ಒಂದು ಸಲ ಒಬ್ಬರನ್ನು ಕರೆದೆ. ಮಾತು ಅಂದರೆ ಮಾತು. ಇಪ್ಪತ್ತು ನಿಮಿಷ ಅಂದುಕೊಂಡದ್ದು ಒಂದು ಗಂಟೆ ಆಯಿತು. ಇಬ್ಬರಿಗೂ ಹಳೇ ರೈಲು ಪ್ರಯಾಣ ಅಂದರೆ ಇಷ್ಟ ಅಂತ ಗೊತ್ತಾಯಿತು. ಹೊರಗೆ ಬಂದು "ಇವರೇ" ಅಂದೆ. ನಾಲ್ಕು ತಿಂಗಳಲ್ಲಿ ನಾಲ್ಕು ಲಾರಿ ತಪ್ಪು ವಿಳಾಸಕ್ಕೆ ಹೋದವು. ಮನುಷ್ಯ ಕೆಟ್ಟವರಲ್ಲ, ವಿವರ ನೋಡುವ ಸ್ವಭಾವವೇ ಇರಲಿಲ್ಲ. ನಾನು ಆ ಒಂದು ಗಂಟೆಯಲ್ಲಿ ವಿವರದ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ.

ಇದಕ್ಕೆ ಹೆಸರೂ ಇದೆ. ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞ 1920ರಲ್ಲೇ ಇದನ್ನು ಗುರುತಿಸಿ 'ಹೇಲೊ', ಅಂದರೆ ಪ್ರಭಾವಳಿ, ಅಂತ ಕರೆದಿದ್ದ. ಸೈನ್ಯದ ಅಧಿಕಾರಿಗಳು ತಮ್ಮ ಕೆಳಗಿನವರಿಗೆ ಅಂಕ ಕೊಡುವಾಗ ಒಂದು ಗುಣ ಹಿಡಿಸಿದರೆ ಸಂಬಂಧವಿಲ್ಲದ ಗುಣಗಳಿಗೂ ಒಳ್ಳೆಯ ಅಂಕ ಕೊಡುತ್ತಿದ್ದರು. ನಾನು ರೈಲು ನೋಡಿ ಲಾರಿಗೆ ಅಂಕ ಕೊಟ್ಟೆ.

ಆಮೇಲೆ ಸ್ವಲ್ಪ ಓದಿದೆ. 1998ರಲ್ಲಿ ಸ್ಮಿಟ್ ಮತ್ತು ಹಂಟರ್ ಎಂಬುವರು 85 ವರ್ಷದ ಸಂಶೋಧನೆಗಳನ್ನೆಲ್ಲ ಒಟ್ಟು ಹಾಕಿ, ಆರಿಸುವ ಯಾವ ವಿಧಾನ ಮುಂದಿನ ಕೆಲಸವನ್ನು ಎಷ್ಟು ಸರಿಯಾಗಿ ಹೇಳುತ್ತದೆ ಅಂತ ಲೆಕ್ಕ ಹಾಕಿದ್ದರು. ಸೊನ್ನೆ ಅಂದರೆ ಸಂಬಂಧವೇ ಇಲ್ಲ, ಒಂದು ಅಂದರೆ ಪಕ್ಕಾ. ಕೆಲಸದ ತುಣುಕನ್ನೇ ಮಾಡಿಸಿ ನೋಡುವುದಕ್ಕೆ 0.54, ಎಲ್ಲರಿಗೂ ಅದೇ ಪ್ರಶ್ನೆ ಕೇಳುವ ಇಂಟರ್‌ವ್ಯೂಗೆ 0.51, ಬಾಯಿಗೆ ಬಂದದ್ದು ಕೇಳುವ ಇಂಟರ್‌ವ್ಯೂಗೆ 0.38, ಅನುಭವದ ವರ್ಷಗಳಿಗೆ ಬರೀ 0.18, ಕೈಬರಹ ನೋಡಿ ಗುಣ ಹೇಳುವುದಕ್ಕೆ 0.02. 2022ರಲ್ಲಿ ಬೇರೆ ಸಂಶೋಧಕರು ಲೆಕ್ಕವನ್ನು ಮತ್ತೆ ಹಾಕಿದರು. ಹೆಚ್ಚಿನ ಅಂಕಗಳು ಇಳಿದವು. ಎಲ್ಲರಿಗೂ ಅದೇ ಪ್ರಶ್ನೆ ಕೇಳುವುದು 0.42ರಲ್ಲಿ ಮೇಲೆ ನಿಂತಿತು. ಅನುಭವದ ವರ್ಷ 0.07ಕ್ಕೆ ಕುಸಿಯಿತು. ಅಂದರೆ 'ಹತ್ತು ವರ್ಷದ ಅನುಭವ' ಅನ್ನುವ ಸಾಲಿಗೆ ಇರುವ ತೂಕ ಅಷ್ಟೇ. ಆ ಹತ್ತು ವರ್ಷದಲ್ಲಿ ಏನು ಮಾಡಿದಿರಿ ಅನ್ನುವುದನ್ನು ನೀವೇ ಹೇಳಬೇಕು. ಇಲ್ಲದಿದ್ದರೆ ಒಂದೇ ವರ್ಷವನ್ನು ಹತ್ತು ಸಲ ಮಾಡಿದಿರಾ ಅಂತ ನನಗೆ ಅನುಮಾನ ಬರುತ್ತದೆ.

ಈಗ ನಾನು ಎಲ್ಲರಿಗೂ ಅವೇ ಆರು ಪ್ರಶ್ನೆ ಕೇಳುತ್ತೇನೆ. ಉತ್ತರ ಕೇಳುತ್ತಲೇ ಅಂಕ ಬರೆದುಕೊಳ್ಳುತ್ತೇನೆ, ಜೊತೆಯಲ್ಲಿ ಕೂತವರ ಅಂಕ ನೋಡುವ ಮೊದಲೇ. ನಿಮ್ಮ ಮಾತಿನ ನಡುವೆ ನಾನು ತಲೆ ತಗ್ಗಿಸಿ ಬರೆಯುತ್ತಿದ್ದರೆ ಬೇಸರಪಟ್ಟುಕೊಳ್ಳಬೇಡಿ. ಅದು ನಿಮ್ಮ ಒಳ್ಳೆಯದಕ್ಕೇ.

ಪ್ರಶ್ನೆಗಳು ಹೆಚ್ಚಾಗಿ "ಒಂದು ಸಲ ಹೀಗಾದಾಗ ಏನು ಮಾಡಿದಿರಿ" ಅನ್ನುವಂಥವು. ತಯಾರಿ ಅಂದರೆ ಉತ್ತರ ಬಾಯಿಪಾಠ ಮಾಡುವುದಲ್ಲ. ನಿಮ್ಮ ಕೆಲಸದ ಐದಾರು ನಿಜವಾದ ಘಟನೆ ಆರಿಸಿಟ್ಟುಕೊಳ್ಳಿ. ಒಂದು ಜಗಳ, ಒಂದು ತಪ್ಪು, ಒಂದು ಗಡುವು, ಒಂದು ಕಲಿಕೆ, ನೀವಾಗಿಯೇ ಬದಲಿಸಿದ ಒಂದು ವಿಷಯ. ಏನಿತ್ತು ಅನ್ನುವುದು ಎರಡು ವಾಕ್ಯದಲ್ಲಿ ಮುಗಿಯಲಿ. ಹೆಚ್ಚಿನವರು ಅಲ್ಲೇ ಐದು ನಿಮಿಷ ಕಳೆಯುತ್ತಾರೆ, ನೀವು ಏನು ಮಾಡಿದಿರಿ ಅನ್ನುವ ಹೊತ್ತಿಗೆ ನನ್ನ ಗಮನ ಜಾರಿರುತ್ತದೆ. 'ನಾವು ಮಾಡಿದೆವು' ಅನ್ನುತ್ತಲೇ ಇರುವವರನ್ನು ನಾನು ತಡೆದು "ಅದರಲ್ಲಿ ನಿಮ್ಮ ಕೈ ಎಷ್ಟು?" ಅಂತ ಕೇಳುತ್ತೇನೆ. ಸಂಕೋಚದ ಜನರಿಗೆ ಇದು ಕಷ್ಟ. ನಮ್ಮಲ್ಲಿ ಅನೇಕರಿಗೆ 'ನಾನು' ಅನ್ನುವುದೇ ಜಂಬ ಅನಿಸುತ್ತದೆ. ಇಂಟರ್‌ವ್ಯೂನಲ್ಲಿ ಅದು ಜಂಬ ಅಲ್ಲ, ವಿಳಾಸ ಸರಿಯಾಗಿ ಹೇಳಿದ ಹಾಗೆ.

ತಪ್ಪಿನ ಪ್ರಶ್ನೆಗೆ "ನಾನು ಸ್ವಲ್ಪ ಜಾಸ್ತಿಯೇ ಅಚ್ಚುಕಟ್ಟು" ಅನ್ನಬೇಡಿ, ದಯವಿಟ್ಟು. ನಿಜವಾದ ಒಂದು ತಪ್ಪು, ಅದು ಯಾರಿಗೆ ತೊಂದರೆ ಕೊಟ್ಟಿತು, ಆಮೇಲೆ ಏನು ಬದಲಿಸಿಕೊಂಡಿರಿ ಅಂತ ಹೇಳಿ.

ಕೊನೆಗೆ ನಲವತ್ತು ನಿಮಿಷದ ಒಂದು ಕೆಲಸ ಕೊಡುತ್ತೇನೆ. ಎಕ್ಸೆಲ್ ಹಾಳೆಯಲ್ಲಿ ಒಂದು ದಿನದ ಆರ್ಡರು, ಸ್ಟಾಕು, ಲಾರಿಗಳ ಪಟ್ಟಿ. ಅದರಲ್ಲಿ ನಾನೇ ಎರಡು ತಪ್ಪು ಸೇರಿಸಿರುತ್ತೇನೆ. ಹೋದ ಸಲ ಒಬ್ಬ ಹುಡುಗಿ ಹತ್ತನೇ ನಿಮಿಷಕ್ಕೆ ಕೈ ಎತ್ತಿದಳು. "ಮೇಡಂ, ಈ ಎರಡು ಸಾಲು ಒಂದಕ್ಕೊಂದು ಹೊಂದುತ್ತಿಲ್ಲ. ಯಾವುದನ್ನು ನಂಬಲಿ?" ಅಂದಳು. ಅವಳ ಪ್ಲಾನ್ ಪೂರ್ತಿ ಮುಗಿಯಲೂ ಇಲ್ಲ. ಪೂರ್ತಿ ಮುಗಿಸಿದ ಮೂವರು ಆ ತಪ್ಪನ್ನು ನೋಡಿರಲೇ ಇಲ್ಲ. ಅವಳಿಗೇ ಕೆಲಸ ಸಿಕ್ಕಿತು. ಇಂಥ ಪರೀಕ್ಷೆ ಕೊಟ್ಟರೆ ಕೇಳುವುದಕ್ಕೆ ಹಿಂಜರಿಯಬೇಡಿ. ಆದರೆ ಪರೀಕ್ಷೆ ಹೆಸರಲ್ಲಿ ಮೂರು ದಿನದ ಕೆಲಸ ಪುಕ್ಕಟೆ ಮಾಡಿಸಿಕೊಳ್ಳಲು ನೋಡುವವರೂ ಇದ್ದಾರೆ. ಅಲ್ಲಿಂದ ಎದ್ದು ಬರುವುದೇ ವಾಸಿ.

ಸಣ್ಣಪುಟ್ಟದ್ದು ಬೇಗ ಹೇಳಿ ಮುಗಿಸುತ್ತೇನೆ. ಫೈಲಿನ ಹೆಸರಿನಲ್ಲಿ ನಿಮ್ಮ ಹೆಸರಿರಲಿ, 'ಫೈನಲ್ ಫೈನಲ್ 2' ಬೇಡ. ಕವರ್ ಲೆಟರ್ ಕೇಳಿದರೆ ಅರ್ಧ ಪುಟ, ರೆಸ್ಯೂಮೆಯಲ್ಲಿ ಇರದ ಒಂದು ವಿಷಯ ಅದರಲ್ಲಿರಲಿ. ನೋಟಿಸ್ ಪೀರಿಯಡ್ ಎಷ್ಟಿದೆಯೋ ಅಷ್ಟೇ ಹೇಳಿ. ರೆಫರೆನ್ಸ್ ಕೊಡುವವರಿಗೆ ಮೊದಲೇ ಒಂದು ಮಾತು ತಿಳಿಸಿ. ನಾನು ಫೋನ್ ಮಾಡಿದಾಗ "ಯಾರು ಅವರು?" ಅಂದವರೂ ಇದ್ದಾರೆ! ಒಳಗಿನವರು ಯಾರಾದರೂ ನಿಮ್ಮ ಹೆಸರು ಹೇಳಿದರೆ ಸಹಾಯ ಆಗುತ್ತದೆ, ನಿಜ. ಒಂದು ಅನುಮಾನವನ್ನು ಅವರು ತಮ್ಮ ಮೇಲೆ ಹಾಕಿಕೊಳ್ಳುತ್ತಾರೆ ಅನ್ನುವುದೇ ಅದಕ್ಕೆ ಕಾರಣ. ಇಂಟರ್‌ವ್ಯೂ ಆದ ಮೇಲೆ ಒಂದು ವಾರ ಕಾದು ಒಂದು ಇಮೇಲ್ ಹಾಕಿ. ಉತ್ತರ ಬರದಿದ್ದರೆ ಹುದ್ದೆಯನ್ನೇ ನಿಲ್ಲಿಸಿರಬಹುದು, ಒಳಗಿನವರಿಗೇ ಕೊಟ್ಟಿರಬಹುದು. ತಿಳಿಸದೇ ಇರುವುದು ನಮ್ಮ ಕಡೆಯ ಕೆಟ್ಟ ಅಭ್ಯಾಸ. ನಾನೂ ಎಷ್ಟೋ ಸಲ ಮಾಡಿದ್ದೇನೆ.

ರೆಸ್ಯೂಮೆ ಕಳಿಸುವ ಮೊದಲು ಒಂದು ಪರೀಕ್ಷೆ ಮಾಡಿ. ನಿಮ್ಮ ಕೆಲಸ ಗೊತ್ತಿಲ್ಲದ ಒಬ್ಬರ ಕೈಗೆ ಕೊಡಿ. ಹತ್ತು ಸೆಕೆಂಡು ಆದ ಮೇಲೆ ಕಿತ್ತುಕೊಳ್ಳಿ. ನಾನು ಏನು ಕೆಲಸ ಮಾಡುವವನು, ಎಷ್ಟು ದಿನದಿಂದ ಅಂತ ಕೇಳಿ. ಅಕ್ಕನ ಮಗ ಹಳೇ ರೆಸ್ಯೂಮೆಯನ್ನು ಮೊದಲು ರೂಮ್‌ಮೇಟಿಗೆ ಕೊಟ್ಟನಂತೆ. "ನೀನು ಒಳ್ಳೆ ಹುಡುಗ ಅಂತ ಗೊತ್ತಾಯ್ತು. ಕೆಲಸ ಏನೋ?" ಅಂದನಂತೆ. ತಿದ್ದಿದ್ದನ್ನು ಪಕ್ಕದ ರೂಮಿನವನಿಗೆ ತೋರಿಸಿದ. ಅವನು ಹಾಳೆ ವಾಪಸ್ ಕೊಡುತ್ತಾ, "ಗೋದಾಮು, ಎರಡು ವರ್ಷ, ಆರು ಸಾವಿರ ಐಟಂ," ಅಂದ. ಆಮೇಲೆ, "ವಾರಕ್ಕೊಂದು ರ‍್ಯಾಕ್ ಎಣಿಸೋದು ನಿನ್ನದೇ ಐಡಿಯಾನಾ?" ಅಂತ ಕೇಳಿದನಂತೆ.